ಯೇಸಿಯ ಹುಡುಗಿ ಮತ್ತು ನಮ್ಮ ಪಿ.ಟಿ. ಪೀರಿಯಡ್

ಆಟದಲ್ಲಿ ಗೆದ್ದವರು ರಾಜಕೀಯಕ್ಕೆ ಬಂದರೆ ನಮ್ಮ ತುಮಕೂರಿನಲ್ಲಿ ಎರಡು ಮಾತು ಕೇಳಿಸುತ್ತವೆ. "ಇವರಿಗೇನ್ ಗೊತ್ತು ರಾಜಕೀಯ?" ಅನ್ನುವುದು ಒಂದು. "ಇದ್ದ ಒಳ್ಳೆ ಹೆಸರನ್ನೂ ಕೆಡಿಸ್ಕೊಂಡ್ರು" ಅನ್ನುವುದು ಇನ್ನೊಂದು. ಎರಡರಲ್ಲೂ ಸ್ವಲ್ಪ ಸತ್ಯ ಇದೆ. ಆದರೆ ನನಗೆ ಮುಖ್ಯ ಅನ್ನಿಸುವ ಪ್ರಶ್ನೆ ಬೇರೆ. ಕೈಗೆ ಅಧಿಕಾರ ಬಂದಾಗ ಆ ಆಟಗಾರ್ತಿಗೆ ತಾನು ಆಟ ಕಲಿತ ಜಾಗ ನೆನಪಿತ್ತಾ? ಕಲಿಸಿದ ಮೇಷ್ಟ್ರು ನೆನಪಿದ್ದರಾ?

ಈ ಪ್ರಶ್ನೆ ಹಿಡಿದುಕೊಂಡು ನಾನು ಓದುತ್ತಾ ಹೋದದ್ದು ಇಟಲಿಯ ವಾಲೆಂಟಿನಾ ವೆಜ್ಜಾಲಿ ಅವರ ಬದುಕನ್ನು. ಕತ್ತಿವರಸೆ, ಅಂದರೆ ಫೆನ್ಸಿಂಗ್, ಅವರ ಆಟ. ನಮ್ಮ ಜಿಲ್ಲೆಯಲ್ಲಿ ಅದನ್ನು ಕಣ್ಣಾರೆ ನೋಡಿದವರು ಕಡಿಮೆ. ನಾನು ಬೆಳೆದದ್ದು ಗುಬ್ಬಿ ತಾಲ್ಲೂಕಿನ ಹಳ್ಳಿಯಲ್ಲಿ, ಆಡಿದ್ದು ಖೊಖೊ. ಆದರೂ ಈ ಹೆಂಗಸಿನ ಕಥೆ ನನಗೆ ದೂರದ್ದು ಅನ್ನಿಸಲಿಲ್ಲ. ಯಾಕೆ ಅಂತ ಹೇಳುತ್ತೇನೆ.

ವೆಜ್ಜಾಲಿ ಹುಟ್ಟಿದ್ದು 1974ರ ಫೆಬ್ರವರಿ 14ರಂದು, ಯೇಸಿ ಎಂಬ ಊರಿನಲ್ಲಿ. ಇಟಲಿಯ ಪೂರ್ವ ಕರಾವಳಿ ಕಡೆ, ಆಂಕೋನಾ ಪಟ್ಟಣಕ್ಕೆ ಹತ್ತಿರ. ಜನಸಂಖ್ಯೆ ಸುಮಾರು 40,000. ನಮ್ಮ ಕುಣಿಗಲ್‌ಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಈಗ ಈ ಲೆಕ್ಕ ನೋಡಿ. ಒಲಿಂಪಿಕ್ಸ್‌ನಲ್ಲಿ ಹೆಂಗಸರ ಫಾಯಿಲ್ (ಕತ್ತಿವರಸೆಯ ಮೂರು ಬಗೆಗಳಲ್ಲಿ ಒಂದು) ವೈಯಕ್ತಿಕ ಚಿನ್ನ 1992ರಲ್ಲಿ ಜೊವಾನ್ನಾ ಟ್ರಿಲ್ಲಿನಿಗೆ ಹೋಯಿತು. 2000, 2004, 2008ರಲ್ಲಿ ವೆಜ್ಜಾಲಿಗೆ. 2012ರಲ್ಲಿ ಎಲಿಸಾ ದಿ ಫ್ರಾನ್ಸಿಸ್ಕಾಗೆ. ಮೂವರೂ ಯೇಸಿಯವರೇ! ನಡುವೆ 1996ರಲ್ಲಿ ಮಾತ್ರ ಚಿನ್ನ ರೊಮೇನಿಯಾದ ಲಾರಾ ಬಾಡಿಯಾ ಪಾಲಾಯಿತು. ಆಗಲೂ ಬೆಳ್ಳಿ ವೆಜ್ಜಾಲಿಗೆ, ಕಂಚು ಟ್ರಿಲ್ಲಿನಿಗೆ. 2004ರ ಅಥೆನ್ಸ್ ಫೈನಲ್‌ನಲ್ಲಂತೂ ಎದುರುಬದುರು ನಿಂತವರು ಈ ಒಂದೇ ಊರಿನ ಇಬ್ಬರು. ಗಂಡಸರ ಕಡೆ ಸ್ಟೆಫಾನೊ ಚೆರಿಯೊನಿ 1988ರಲ್ಲಿ ಚಿನ್ನ ಗೆದ್ದಿದ್ದರು. ಅವರೂ ಅಲ್ಲಿಯವರೇ.

ನೀರಿನ ಗುಣವಾ, ಗಾಳಿಯ ಗುಣವಾ? ಎರಡೂ ಅಲ್ಲ. ಒಬ್ಬ ಮೇಷ್ಟ್ರು ಇದ್ದರು.

ಅವರ ಹೆಸರು ಎಟ್ಸಿಯೊ ಟ್ರಿಕ್ಕೊಲಿ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ಕೈಗೆ ಸೆರೆಸಿಕ್ಕ ಇಟಲಿಯ ಸೈನಿಕ. ಸಾವಿರಾರು ಇಟಾಲಿಯನ್ ಸೈನಿಕರಂತೆ ಅವರನ್ನೂ ದಕ್ಷಿಣ ಆಫ್ರಿಕಾದ ಜಾಂಡರ್‌ವಾಟರ್ ಶಿಬಿರದಲ್ಲಿ ಇಟ್ಟಿದ್ದರು. ಅಲ್ಲೇ, ಆ ಸೆರೆಯಲ್ಲೇ, ಅವರು ಕತ್ತಿವರಸೆ ಕಲಿತರು. ಕಲಿಸಿದವನು ಒಬ್ಬ ಇಂಗ್ಲಿಷ್ ಸೈನಿಕ. ಯುದ್ಧ ಮುಗಿದ ಮೇಲೆ ಊರಿಗೆ ಬಂದು, ಕಲಿತದ್ದನ್ನು ಊರಿನ ಮಕ್ಕಳಿಗೆ ಹೇಳಿಕೊಡಲು ಶುರುಮಾಡಿದರು. ಯೇಸಿಯ ಕ್ಲಬ್ ಬೆಳೆದದ್ದು ಹೀಗೆ. ವೆಜ್ಜಾಲಿ ಆ ಹಾಲ್‌ಗೆ ಬಂದಾಗ ಅವರಿಗೆ 6 ವರ್ಷ. ಟ್ರಿಕ್ಕೊಲಿ 1996ರಲ್ಲಿ ತೀರಿಕೊಂಡರು. ಅವರ ಶಿಷ್ಯೆ ಮೊದಲ ಒಲಿಂಪಿಕ್ ಪದಕ ಗೆದ್ದದ್ದೂ ಅದೇ ವರ್ಷ.

ಈ ಮೇಷ್ಟ್ರ ಬಗ್ಗೆ ಓದಿದ ಮೇಲೆ ನನಗೆ ಪದಕಗಳ ಪಟ್ಟಿ ಸ್ವಲ್ಪ ಹಿಂದೆ ಸರಿಯಿತು. ಶತ್ರು ಪಾಳಯದಲ್ಲಿ ಹೊತ್ತು ಕಳೆಯಲು ಕಲಿತ ಒಂದು ವಿದ್ಯೆ. ಅದು ಒಬ್ಬ ಮನುಷ್ಯನ ಜೊತೆ ಹಡಗು ಹತ್ತಿ ಒಂದು ಸಣ್ಣ ಊರಿಗೆ ಬಂತು. ಐವತ್ತು ವರ್ಷದಲ್ಲಿ ಆ ಊರು ಜಗತ್ತಿನ ಫಾಯಿಲ್ ರಾಜಧಾನಿ ಆಯಿತು. ಒಬ್ಬ ಒಳ್ಳೆ ಮೇಷ್ಟ್ರು ಒಂದೇ ಕಡೆ ನೆಲೆ ನಿಂತರೆ ಏನಾಗಬಹುದು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಕಿಲ್ಲ.

ಆಟದ ಬಗ್ಗೆ ಎರಡು ಮಾತು ಹೇಳಲೇಬೇಕು. ಕತ್ತಿವರಸೆಯಲ್ಲಿ ಮೂರು ಬಗೆಯ ಕತ್ತಿ: ಫಾಯಿಲ್, ಎಪೇ, ಸೇಬರ್. ಆಡುವುದು 14 ಮೀಟರ್ ಉದ್ದದ, ಎರಡು ಮೀಟರ್ ಒಳಗಿನ ಅಗಲದ ಪಟ್ಟಿಯ ಮೇಲೆ. ಫಾಯಿಲ್‌ನಲ್ಲಿ ಕತ್ತಿಯ ತುದಿಯಿಂದ ಮಾತ್ರ ತಾಗಿಸಬೇಕು, ಅದೂ ಎದುರಾಳಿಯ ಮುಂಡಕ್ಕೆ. ಕೈಗೆ, ಕಾಲಿಗೆ ತಾಗಿದರೆ ಪಾಯಿಂಟ್ ಇಲ್ಲ. ಕತ್ತಿಯ ತೂಕ ಅರ್ಧ ಕಿಲೋ ದಾಟುವಂತಿಲ್ಲ. ತಾಗಿದ್ದು ವಿದ್ಯುತ್ ತಂತಿಯ ಮೂಲಕ ಗೊತ್ತಾಗಿ ದೀಪ ಹತ್ತುತ್ತದೆ. ನಾಕೌಟ್ ಪಂದ್ಯದಲ್ಲಿ ಮೂರು ಮೂರು ನಿಮಿಷದ ಮೂರು ಸುತ್ತು. ಮೊದಲು 15 ಪಾಯಿಂಟ್ ಮಾಡಿದವರು, ಇಲ್ಲವೇ ಹೊತ್ತು ಮುಗಿದಾಗ ಮುಂದಿರುವವರು ಗೆದ್ದಂತೆ.

ಇದರಲ್ಲಿ ನನಗೆ ತುಂಬಾ ಇಷ್ಟವಾದ ನಿಯಮ ಒಂದಿದೆ. ಇಬ್ಬರ ಕತ್ತಿಯೂ ಒಟ್ಟಿಗೆ ತಾಗಿತು ಅಂದುಕೊಳ್ಳಿ. ಎರಡೂ ದೀಪ ಹತ್ತುತ್ತವೆ. ಆಗ ಪಾಯಿಂಟ್ ಯಾರಿಗೆ? ಮೊದಲು ದಾಳಿ ಶುರುಮಾಡಿದವರಿಗೆ. ಎದುರಿನವರು ಆ ಕತ್ತಿಯನ್ನು ಮೊದಲು ತಡೆದು ಪಕ್ಕಕ್ಕೆ ಸರಿಸಿದರೆ ಮಾತ್ರ ಸರದಿ ಅವರಿಗೆ ಬರುತ್ತದೆ. ಎದುರಾಳಿಯ ದಾಳಿಗೆ ಉತ್ತರ ಕೊಡದೆ ಸುಮ್ನೆ ನುಗ್ಗಿ ಚುಚ್ಚಿದರೆ ಏನೂ ಸಿಗಲ್ಲ. ನಮ್ಮ ಸಭೆ, ಸದನಗಳಲ್ಲಿ ಇದೊಂದು ನಿಯಮ ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅನ್ನಿಸುತ್ತದೆ. ಕೇಳಿದ ಪ್ರಶ್ನೆಗೆ ಮೊದಲು ಉತ್ತರ, ಆಮೇಲೆ ನಿಮ್ಮ ಆರೋಪ.

ವೆಜ್ಜಾಲಿ ಎತ್ತರದವರಲ್ಲ. 1.64 ಮೀಟರ್. ಉದ್ದ ಕೈಯವರಿಗೆ ಅನುಕೂಲ ಇರುವ ಆಟದಲ್ಲಿ ಅವರು ವೇಗವನ್ನೂ ತಾಳ್ಮೆಯನ್ನೂ ನಂಬಿದರು. 15ನೇ ವಯಸ್ಸಿಗೆ ಅಪ್ಪ ತೀರಿಹೋದರು. ಆಟ ಬಿಡಲಿಲ್ಲ. ಅಟ್ಲಾಂಟಾದಿಂದ ಲಂಡನ್‌ವರೆಗೆ ಐದು ಒಲಿಂಪಿಕ್ಸ್ ಆಡಿದರು. ಐದರಲ್ಲೂ ವೈಯಕ್ತಿಕ ಪದಕ ತಂದರು: ಒಂದು ಬೆಳ್ಳಿ, ಸತತ ಮೂರು ಚಿನ್ನ, ಕೊನೆಗೆ ಕಂಚು. ತಂಡದ ಪದಕಗಳೂ ಸೇರಿದರೆ ಒಟ್ಟು 9, ಅದರಲ್ಲಿ ಚಿನ್ನ 6. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ವೈಯಕ್ತಿಕ ಚಿನ್ನವೇ 6 ಸಲ. ಫಾಯಿಲ್‌ನಲ್ಲಿ ಸತತ ಮೂರು ಒಲಿಂಪಿಕ್ ವೈಯಕ್ತಿಕ ಚಿನ್ನ ಅವರಿಗಿಂತ ಮೊದಲು ಯಾರೂ ಗೆದ್ದಿರಲಿಲ್ಲ.

ಎರಡು ಪಂದ್ಯಗಳನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಎರಡರಲ್ಲೂ ಎದುರಾಳಿ ದಕ್ಷಿಣ ಕೊರಿಯಾದ ನಾಮ್ ಹ್ಯುನ್‌ಹೀ. ಆಕೆ ವೆಜ್ಜಾಲಿಗಿಂತಲೂ ಗಿಡ್ಡ, ಮಿಂಚಿನ ಕಾಲು. 2008ರ ಬೀಜಿಂಗ್ ಫೈನಲ್ ಕೊನೆಯ ಕ್ಷಣಗಳಲ್ಲಿ 6–5ಕ್ಕೆ ಮುಗಿಯಿತು. ಪಾಯಿಂಟ್ ನೋಡಿದರೇ ಗೊತ್ತಾಗುತ್ತದೆ, ಇಬ್ಬರೂ ಎಷ್ಟು ಕಾದಿದ್ದಾರೆ ಅಂತ. 2012ರ ಲಂಡನ್‌ನಲ್ಲಿ ಇದೇ ಇಬ್ಬರು ಕಂಚಿಗಾಗಿ ಮತ್ತೆ ಎದುರಾದರು. ವೆಜ್ಜಾಲಿಗೆ ಆಗ 38 ವರ್ಷ. ಪಂದ್ಯ ಮುಗಿಯಲು ಸೆಕೆಂಡುಗಳು ಉಳಿದಿವೆ, 8–12ರಿಂದ ಹಿಂದಿದ್ದಾರೆ. ಬೇರೆ ಯಾರಾದರೂ ಆಗಿದ್ದರೆ ಮುಖದ ಮಾಸ್ಕ್ ಒಳಗೇ ಸೋಲು ಒಪ್ಪಿಕೊಂಡಿರುತ್ತಿದ್ದರು. ಅವರು ನಾಲ್ಕು ಪಾಯಿಂಟ್ ಹೊಡೆದು ಸಮ ಮಾಡಿದರು. ಹೆಚ್ಚುವರಿ ಸಮಯದಲ್ಲಿ 13–12ಕ್ಕೆ ಗೆದ್ದರು. ಆ ಪದಕ ವೇದಿಕೆಯ ಮೇಲೆ ನಿಂತ ಮೂವರೂ ಇಟಲಿಯವರು. ಆ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಇಟಲಿಯ ಧ್ವಜ ಹಿಡಿದು ಮುಂದೆ ನಡೆದವರೂ ವೆಜ್ಜಾಲಿಯೇ.

ಇನ್ನೊಂದು ವಿಷಯ, ಮುಖ್ಯವಾಗಿ ನಮ್ಮ ಹೆಣ್ಣುಮಕ್ಕಳು ಓದಲಿ ಅಂತ ಬರೆಯುತ್ತಿದ್ದೇನೆ. 2005ರ ಜೂನ್‌ನಲ್ಲಿ ಅವರಿಗೆ ಮೊದಲ ಮಗು ಹುಟ್ಟಿತು. ಅದೇ ಅಕ್ಟೋಬರ್‌ನಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ವಿಶ್ವ ಚಾಂಪಿಯನ್ ಆದರು. ನಾಲ್ಕು ತಿಂಗಳ ಬಾಣಂತಿ! ನನ್ನ ಜೊತೆ ಖೊಖೊ ಆಡಿದವರಲ್ಲಿ ಮದುವೆಯಾದ ಮೇಲೆ ಶೂ ಹಾಕಿಕೊಂಡವರು ಒಬ್ಬರೂ ನೆನಪಿಗೆ ಬರಲ್ಲ. ನಮ್ಮಲ್ಲಿ ಶಕ್ತಿ ಇರಲಿಲ್ಲ ಅಂತ ಅಲ್ಲ. ಮಗು ನೋಡಿಕೊಳ್ಳಲು ಜನ, ತಿಂಗಳ ಸಂಬಳ, "ಹೋಗಿ ಆಡು" ಅನ್ನುವ ಮನೆ, ಇಷ್ಟೂ ಬೇಕು. ವೆಜ್ಜಾಲಿಗೆ ಇಟಲಿಯ ರಾಜ್ಯ ಪೊಲೀಸ್‌ನ ಕ್ರೀಡಾ ತಂಡದಲ್ಲಿ ಕೆಲಸ ಇತ್ತು. ನಮ್ಮಲ್ಲಿ ರೈಲ್ವೆ, ಪೊಲೀಸ್ ಇಲಾಖೆಗಳು ಆಟಗಾರರಿಗೆ ಕೆಲಸ ಕೊಡುವ ಹಾಗೆಯೇ. ಆಟ ಉಳಿಯಬೇಕಾದರೆ ಮನೆಗೆ ಸಂಬಳ ಬರಬೇಕು.

ಇನ್ನು ರಾಜಕೀಯ. 2013ರ ಫೆಬ್ರವರಿ ಚುನಾವಣೆಯಲ್ಲಿ ಆಗಿನ ಪ್ರಧಾನಿ ಮಾರಿಯೊ ಮೊಂಟಿ ಅವರ ಹೊಸ ಪಕ್ಷದಿಂದ ವೆಜ್ಜಾಲಿ ಇಟಲಿ ಸಂಸತ್ತಿನ ಕೆಳಮನೆಗೆ ಆಯ್ಕೆಯಾದರು. ಅದೇ ಮೇ ತಿಂಗಳಲ್ಲಿ ಎರಡನೇ ಮಗು. ಆಗಸ್ಟ್‌ನಲ್ಲಿ ಬುಡಾಪೆಸ್ಟ್‌ನ ವಿಶ್ವ ಚಾಂಪಿಯನ್‌ಷಿಪ್! ಸಂಸದೆಯಾಗಿ ಇದ್ದುಕೊಂಡೇ 2016ರ ಏಪ್ರಿಲ್‌ವರೆಗೆ ಆಡಿದರು. ರಿಯೊದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ ತಂಡ ವಿಭಾಗದಲ್ಲಿ ಬೆಳ್ಳಿ ಗೆದ್ದು ಕತ್ತಿ ಕೆಳಗಿಟ್ಟರು.

ಇಲ್ಲಿ ನನಗೊಂದು ತಕರಾರಿದೆ. ಜನಪ್ರತಿನಿಧಿ ಕೆಲಸ ಪೂರ್ತಿ ಹೊತ್ತಿನ ಕೆಲಸ. ಒಂದು ಕೈಯಲ್ಲಿ ಕತ್ತಿ, ಇನ್ನೊಂದು ಕೈಯಲ್ಲಿ ಮಸೂದೆ ಹಿಡಿದರೆ ಒಂದಕ್ಕೆ ಅನ್ಯಾಯ ಆಗೇ ಆಗುತ್ತದೆ. ನಮ್ಮಲ್ಲೂ ಸಚಿನ್ ತೆಂಡೂಲ್ಕರ್ ಅವರನ್ನು 2012ರಲ್ಲಿ ರಾಜ್ಯಸಭೆಗೆ ನಾಮಕರಣ ಮಾಡಿದಾಗ ಅವರಿನ್ನೂ ಆಡುತ್ತಿದ್ದರು. ಆಮೇಲೆ ಅವರ ಹಾಜರಾತಿ ಕಡಿಮೆ ಅಂತ ಎಷ್ಟು ಚರ್ಚೆ ಆಯಿತು ಅನ್ನುವುದು ಎಲ್ಲರಿಗೂ ನೆನಪಿದೆ. ದೊಡ್ಡ ಆಟಗಾರರ ಹೆಸರು ಪಕ್ಷಗಳಿಗೆ ಬೇಕು. ಅವರ ಸಮಯ ಜನರಿಗೆ ಬೇಕು. ಇವೆರಡೂ ಒಂದೇ ಅಲ್ಲ.

ಕತ್ತಿವರಸೆಯಿಂದ ಅಧಿಕಾರಕ್ಕೆ ಬಂದವರು ವೆಜ್ಜಾಲಿ ಒಬ್ಬರೇ ಅಲ್ಲ. ಫ್ರಾನ್ಸ್‌ನ ಜಾನ್ ಫ್ರಾನ್ಸ್ವಾ ಲಾಮೂರ್ ಸೇಬರ್‌ನಲ್ಲಿ 1984, 1988ರ ಚಿನ್ನ ಗೆದ್ದು ಮುಂದೆ ಕ್ರೀಡಾ ಸಚಿವರಾದರು. ಅದೇ ದೇಶದ ಲಾರಾ ಫ್ಲೆಸೆಲ್ 2017ರಲ್ಲಿ ಅದೇ ಕುರ್ಚಿಗೆ ಬಂದರು. 1976ರಲ್ಲಿ ಪಶ್ಚಿಮ ಜರ್ಮನಿಗೆ ತಂಡದ ಚಿನ್ನ ತಂದ ಥಾಮಸ್ ಬಾಕ್ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷರಾಗಿ 12 ವರ್ಷ ಕಳೆದರು. ಹಂಗೇರಿಯ ಪಾಲ್ ಶ್ಮಿಟ್ ಎಪೇಯಲ್ಲಿ ಎರಡು ತಂಡದ ಚಿನ್ನ ಗೆದ್ದವರು, 2010ರಲ್ಲಿ ದೇಶದ ರಾಷ್ಟ್ರಪತಿಯೇ ಆದರು. ಆದರೆ ಅವರ ಪಿಎಚ್‌ಡಿ ಪ್ರಬಂಧ ನಕಲು ಅಂತ ಗೊತ್ತಾಗಿ ವಿಶ್ವವಿದ್ಯಾಲಯ ಪದವಿ ವಾಪಸ್ ಪಡೆಯಿತು. 2012ರ ಏಪ್ರಿಲ್‌ನಲ್ಲಿ ರಾಜೀನಾಮೆ ಕೊಡಬೇಕಾಯಿತು. ಆಟದ ಪಟ್ಟಿಯ ಮೇಲೆ ನಿಯಮಕ್ಕೆ ತಲೆಬಾಗಿ ಆಡಿದವರು ಹೊರಗೂ ಹಾಗೇ ಇರುತ್ತಾರೆ ಅಂತ ನಂಬಬೇಕಾಗಿಲ್ಲ. ಪದಕ ನೋಡಿ ಓಟು ಹಾಕುವವರು ಇದನ್ನು ನೆನಪಿಡಬೇಕು.

ವೆಜ್ಜಾಲಿ ವಿಷಯಕ್ಕೆ ಬರುತ್ತೇನೆ. ಅವರ ರಾಜಕೀಯದ ನಿಜವಾದ ಕೆಲಸ ನನ್ನ ಕಣ್ಣಿಗೆ ಕಾಣುವುದು 2021ರಿಂದ. ಆ ಮಾರ್ಚ್‌ನಲ್ಲಿ ಮಾರಿಯೊ ದ್ರಾಗಿ ಸರ್ಕಾರ ಅವರನ್ನು ಕ್ರೀಡೆಯ ಹೊಣೆ ಹೊತ್ತ ಅಧೀನ ಕಾರ್ಯದರ್ಶಿ ಮಾಡಿತು. ಅಲ್ಲಿ ಅದು ಸಚಿವರಿಗಿಂತ ಒಂದು ಮೆಟ್ಟಿಲು ಕೆಳಗಿನ ರಾಜಕೀಯ ಹುದ್ದೆ. ಕೊರೊನಾ ಹೊಡೆತಕ್ಕೆ ಜಿಮ್, ಈಜುಕೊಳ, ಕ್ಲಬ್ ಎಲ್ಲ ಬಾಗಿಲು ಹಾಕಿದ್ದ ಕಾಲ ಅದು. ಅವನ್ನು ತೆರೆಯುವುದೇ ಮೊದಲ ಕೆಲಸ. ಆ ಬೇಸಿಗೆಯಲ್ಲಿ ಇಟಲಿ ಯುರೋಪಿಯನ್ ಫುಟ್‌ಬಾಲ್ ಕಪ್ ಗೆದ್ದಿತು, ಟೋಕಿಯೊದಲ್ಲಿ 40 ಪದಕ ತಂದಿತು. ಅಧಿಕಾರದಲ್ಲಿ ಇದ್ದವರು ಫೋಟೊಗೆ ನಿಲ್ಲಲು ಇಷ್ಟು ಸಾಕಿತ್ತು.

ಆದರೆ ನಾನು ಅವರನ್ನು ಗೌರವಿಸುವುದು ಬೇರೆ ಕಾರಣಕ್ಕೆ. 2021ರ ಕೊನೆಗೆ ಆದ ಬಜೆಟ್ ಕಾನೂನಿನಲ್ಲಿ ಒಂದು ಅಂಶ ಸೇರಿತು. ಪ್ರಾಥಮಿಕ ಶಾಲೆಯ ಮಕ್ಕಳಿಗೆ ಆಟ, ವ್ಯಾಯಾಮ ಕಲಿಸಲು ಅದನ್ನೇ ಓದಿ ಬಂದ ಮೇಷ್ಟ್ರು ಇರಬೇಕು. ಅಲ್ಲಿಯವರೆಗೆ ತರಗತಿಯ ಟೀಚರೇ ಹೇಗೋ ಒಂದು ಆಡಿಸಿಬಿಡುತ್ತಿದ್ದರು. 2022–23ರಿಂದ ಐದನೇ ತರಗತಿಗೆ, 2023–24ರಿಂದ ನಾಲ್ಕನೇ ತರಗತಿಗೆ. ವಾರಕ್ಕೆ ಎರಡು ಗಂಟೆವರೆಗೆ. ಇದು ಅವರೊಬ್ಬರ ಸಾಧನೆ ಅಂತ ನಾನು ಹೇಳಲ್ಲ. ಶಿಕ್ಷಣ ಇಲಾಖೆ, ಹಣಕಾಸು ಇಲಾಖೆ, ಸಂಸತ್ತು, ಎಲ್ಲರೂ ಸೇರಿ ಆದ ಕೆಲಸ. ಆದರೆ ಕ್ರೀಡೆಯ ಹೊಣೆ ಹೊತ್ತ ಜಾಗದಲ್ಲಿ ನಿಂತು ಅದಕ್ಕಾಗಿ ಗಟ್ಟಿಯಾಗಿ ಮಾತಾಡಿದವರು ಅವರು. 2022ರ ಅಕ್ಟೋಬರ್‌ನಲ್ಲಿ ಆ ಸರ್ಕಾರದ ಅವಧಿ ಮುಗಿಯಿತು, ಅವರ ಹುದ್ದೆಯೂ ಹೋಯಿತು. ಮೇಷ್ಟ್ರು ಶಾಲೆಯಲ್ಲಿ ಉಳಿದರು. 2023ರ ಸೆಪ್ಟೆಂಬರ್‌ನಲ್ಲಿ ಇಟಲಿ ತನ್ನ ಸಂವಿಧಾನದ 33ನೇ ವಿಧಿಗೆ ಕ್ರೀಡೆಯ ಮಹತ್ವವನ್ನೂ ಸೇರಿಸಿತು.

ಸ್ಟೇಡಿಯಂ ಕಟ್ಟಿದರೆ ಕಲ್ಲಿನ ಮೇಲೆ ಹೆಸರು ಬರುತ್ತದೆ. ಐದನೇ ತರಗತಿಗೆ ಪಿ.ಟಿ. ಮೇಷ್ಟ್ರನ್ನು ಕೊಟ್ಟರೆ ಎಲ್ಲೂ ಬರಲ್ಲ. 6 ವರ್ಷಕ್ಕೆ ಟ್ರಿಕ್ಕೊಲಿ ಮೇಷ್ಟ್ರ ಮುಂದೆ ನಿಂತವರಿಗೆ ಎರಡನೆಯದರ ಬೆಲೆ ಗೊತ್ತಿತ್ತು ಅಂತ ನನ್ನ ನಂಬಿಕೆ.

ಈಗ ನಮ್ಮ ಕಡೆ. ನಾನು ಓದಿದ ಪ್ರಾಥಮಿಕ ಶಾಲೆಯಲ್ಲಿ ಪಿ.ಟಿ. ಮೇಷ್ಟ್ರು ಇರಲಿಲ್ಲ. ವೇಳಾಪಟ್ಟಿಯಲ್ಲಿ ಪೀರಿಯಡ್ ಇತ್ತು. ಪರೀಕ್ಷೆ ಹತ್ತಿರ ಬಂದರೆ ಅದು ಗಣಿತಕ್ಕೆ ಹೋಗುತ್ತಿತ್ತು. ಇಲ್ಲದಿದ್ದರೆ ಅಂಗಳ ಗುಡಿಸುವುದು, ಗಿಡಕ್ಕೆ ನೀರು. ಹೈಸ್ಕೂಲಿಗೆ ಬಂದ ಮೇಲೆಯೇ ನನಗೆ ಒಬ್ಬ ಮೇಷ್ಟ್ರು ಸಿಕ್ಕಿದ್ದು. ಅವರು ಸುಣ್ಣದ ಪುಡಿಯಲ್ಲಿ ಗೆರೆ ಎಳೆದು, ಎರಡು ಕಂಬ ನೆಟ್ಟು, "ಕೂತಾಗ ಕಾಲ್ ಹೆಂಗಿಡ್ಬೇಕು ನೋಡ್ರೋ" ಅಂತ ತಾವೇ ಕೂತು ತೋರಿಸುತ್ತಿದ್ದರು. ಈಗ ನಿವೃತ್ತರಾಗಿ ತುಮಕೂರಿನಲ್ಲೇ ಇದ್ದಾರೆ. ಮಹಾತ್ಮ ಗಾಂಧಿ ಕ್ರೀಡಾಂಗಣದ ಕಡೆ ಬೆಳಗ್ಗೆ ವಾಕಿಂಗ್‌ಗೆ ಬರುತ್ತಾರೆ. ವೆಜ್ಜಾಲಿ ಕಥೆಯನ್ನು ಅವರಿಗೆ ಪೂರ್ತಿ ಹೇಳಿದೆ. ಪದಕಗಳ ಬಗ್ಗೆ ಅವರು ಏನೂ ಕೇಳಲಿಲ್ಲ.

"ಐದನೇ ಕ್ಲಾಸಿಗೆ ಅಂದ್ಯಾ?" ಅಂದರು.

"ಹೌದು ಸಾರ್. ಆಮೇಲೆ ನಾಲ್ಕನೇ ಕ್ಲಾಸಿಗೂ."

"ಸರಿಯಾದ ವಯಸ್ಸು ಹಿಡಿದವ್ಳೆ ಕಣಮ್ಮ ಆವಮ್ಮ. ನಮ್ ಕೈಗೆ ಮಕ್ಕಳು ಬರೋದೇ ಎಂಟನೇ ಕ್ಲಾಸಿಗೆ. ಅಷ್ಟೊತ್ತಿಗೆ ಮೈ ಬಗ್ಗೋದು ಮರ್ತೋಗಿರುತ್ತೆ. ಹೆಣ್ಮಕ್ಳಿಗಂತೂ ಓಡಕ್ಕೇ ನಾಚಿಕೆ ಬಂದ್ಬಿಟ್ಟಿರುತ್ತೆ. ಅದನ್ನ ಬಿಡ್ಸೋದ್ರಲ್ಲೇ ಒಂದು ವರ್ಷ ಹೋಗುತ್ತೆ."

ಅವರ ಮಾತಿಗೆ ಕಾನೂನಿನಲ್ಲೂ ಆಧಾರ ಸಿಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕು. ದೈಹಿಕ ಶಿಕ್ಷಣಕ್ಕೆ ಬೋಧಕರು ಬೇಕು ಅಂತಲೂ ಅದು ಹೇಳುತ್ತದೆ. ಆದರೆ ಅದು 6ರಿಂದ 8ನೇ ತರಗತಿಗೆ ಮಾತ್ರ. ಅಲ್ಲೂ 100ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಮಾತ್ರ, ಅದೂ ಅರೆಕಾಲಿಕ. ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಆ ಪಟ್ಟಿಯಲ್ಲಿ ಆಟದ ಮೇಷ್ಟ್ರೇ ಇಲ್ಲ. ನಮ್ಮ ಹಳ್ಳಿ ಶಾಲೆಗಳಲ್ಲಿ 100 ಮಕ್ಕಳನ್ನು ಎಲ್ಲಿಂದ ತರುವುದು? ಊರಿನ ಅರ್ಧ ಮಕ್ಕಳು ಹಳದಿ ವ್ಯಾನ್ ಹತ್ತಿ ಪಟ್ಟಣದ ಕಾನ್ವೆಂಟಿಗೆ ಹೋಗುತ್ತಿದ್ದಾರೆ. ಅಲ್ಲಿ ಎಷ್ಟೋ ಕಡೆ ಮೈದಾನವೇ ಇಲ್ಲ.

ನಮ್ಮ ದೇಶದ ಕತ್ತಿವರಸೆಯ ಕಥೆಯೂ ಶಾಲೆಯಿಂದಲೇ ಶುರುವಾಗುತ್ತದೆ. ಚೆನ್ನೈನ ಭವಾನಿ ದೇವಿ ಅವರ ಅಪ್ಪ ದೇವಸ್ಥಾನದ ಅರ್ಚಕರು. ಶಾಲೆಯಲ್ಲಿ ಬೇರೆ ಆಟಗಳ ಜಾಗ ಭರ್ತಿಯಾಗಿತ್ತು, ಕತ್ತಿವರಸೆ ಉಳಿದಿತ್ತು. ಆಕೆ ಅದಕ್ಕೆ ಸೇರಿಕೊಂಡರು. ಮೊದಮೊದಲು ಬಿದಿರಿನ ಕೋಲಿನಲ್ಲೇ ಅಭ್ಯಾಸ. ಮುಂದೆ ತಲಶೇರಿಯ ಕ್ರೀಡಾ ಕೇಂದ್ರ, ಆಮೇಲೆ ಇಟಲಿಯಲ್ಲಿ ತರಬೇತಿ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಕತ್ತಿವರಸೆ ಆಟಗಾರ್ತಿ ಆದರು. ಮೊದಲ ಪಂದ್ಯದಲ್ಲಿ ಟ್ಯುನೀಷಿಯಾದ ಎದುರಾಳಿಯನ್ನು 15–3ರಿಂದ ಸೋಲಿಸಿದರು. ಎರಡನೆಯದರಲ್ಲಿ ಫ್ರಾನ್ಸ್‌ನ ಮಾನೊ ಬ್ರುನೆ ಎದುರು 7–15ರಿಂದ ಸೋತರು. 2023ರಲ್ಲಿ ಏಷ್ಯನ್ ಚಾಂಪಿಯನ್‌ಷಿಪ್‌ನ ಕಂಚು. ಆ ಶಾಲೆಯಲ್ಲಿ ಆ ಆಟ ಕಲಿಸುವವರು ಇಲ್ಲದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ.

ಆಟದಿಂದ ಬಂದ ಜನಪ್ರತಿನಿಧಿಗಳು ನಮಗೂ ಹೊಸಬರಲ್ಲ. ಅಥೆನ್ಸ್‌ನಲ್ಲಿ ಬೆಳ್ಳಿ ಗೆದ್ದ ರಾಜ್ಯವರ್ಧನ್ ಸಿಂಗ್ ರಾಠೋಡ್ ಕೇಂದ್ರದಲ್ಲಿ ಕ್ರೀಡಾ ಸಚಿವರಾಗಿದ್ದರು. ಮೇರಿ ಕೋಮ್, ಪಿ.ಟಿ. ಉಷಾ ರಾಜ್ಯಸಭೆಗೆ ಬಂದರು. ವಿನೇಶ್ ಫೋಗಟ್ 2024ರಲ್ಲಿ ಹರಿಯಾಣದ ಜುಲಾನಾದಿಂದ ಶಾಸಕಿಯಾದರು. ಇವರೆಲ್ಲರ ಮೇಲೂ ನನಗೆ ಪ್ರೀತಿ ಇದೆ. ಆದರೆ ನನ್ನ ಆಸೆ ಇನ್ನೂ ಕೆಳಗಿನ ಮೆಟ್ಟಿಲಿನದು. ಕರ್ನಾಟಕದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಹೆಂಗಸರಿಗೆ ಮೀಸಲು. ತಾಲ್ಲೂಕು ಮಟ್ಟಕ್ಕೆ, ಜಿಲ್ಲಾ ಮಟ್ಟಕ್ಕೆ ಕಬಡ್ಡಿ, ಖೊಖೊ, ಅಥ್ಲೆಟಿಕ್ಸ್ ಆಡಿದ ಹೆಂಗಸರು ನಮ್ಮ ಪ್ರತಿ ಹೋಬಳಿಯಲ್ಲೂ ಇದ್ದಾರೆ. ಸೋಲು ನುಂಗಿಕೊಳ್ಳುವುದು ಅವರಿಗೆ ಗೊತ್ತು. ಅಂಪೈರ್ ಜೊತೆ ಯಾವಾಗ ವಾದ ಮಾಡಬೇಕು ಅನ್ನುವುದೂ ಗೊತ್ತು. ಟಿಕೆಟ್ ಹಂಚುವಾಗ ಇವರ ಹೆಸರು ಯಾಕೆ ಬರಲ್ಲ? ಗಂಡನ ಹೆಸರು, ಮಾವನ ಹೆಸರು ಮಾತ್ರ ಯಾಕೆ ಬರುತ್ತದೆ?

ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದು ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಹೋಯಿತು. ನಮ್ಮ ಕ್ಷೇತ್ರಕ್ಕೆ ಮತ ಕೇಳಲು ಯಾರೇ ಬರಲಿ, ಯಾವ ಪಕ್ಷದವರೇ ಆಗಿರಲಿ, ನನ್ನ ಹತ್ತಿರ ಮೂರು ಪ್ರಶ್ನೆ ಇವೆ. ನಿಮ್ಮ ವ್ಯಾಪ್ತಿಯ ಎಷ್ಟು ಪ್ರಾಥಮಿಕ ಶಾಲೆಗಳಲ್ಲಿ ಪಿ.ಟಿ. ಮೇಷ್ಟ್ರು ಇದ್ದಾರೆ? ಎಷ್ಟು ಶಾಲೆಯ ಮೈದಾನ ಒತ್ತುವರಿ ಆಗಿದೆ? ಒಂದು ಕ್ಲಸ್ಟರ್‌ನ ನಾಲ್ಕೈದು ಸಣ್ಣ ಶಾಲೆಗಳಿಗೆ ಸೇರಿ ಒಬ್ಬ ಮೇಷ್ಟ್ರನ್ನಾದರೂ ಹಾಕಿಸಲು ಸಭೆಯಲ್ಲಿ ಎದ್ದು ನಿಂತು ಕೇಳುತ್ತೀರಾ? ಉತ್ತರ ಬರೆದುಕೊಳ್ಳಲು ನೋಟ್‌ಬುಕ್ ಇಟ್ಟಿದ್ದೇನೆ. ನಮ್ಮ ಮೇಷ್ಟ್ರೂ ಜೊತೆಗೆ ಬರುತ್ತೇನೆ ಅಂದಿದ್ದಾರೆ.